ಮನೆಯಲ್ಲೇ ಕಟ್ಟಿದ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕಟ್ಟಿ ಮುಗಿಸಿದ ದಿನ ಎಲ್ಲ ಪ್ಯಾಡೂ ಚೆನ್ನಾಗಿಯೇ ನುಡಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಸ್ನೇರ್ ಹೊಡೆದರೆ ಟಾಮ್ ಕೂಗುತ್ತದೆ, ಕಿಕ್ ಒಂದಕ್ಕೆ ಎರಡು ಬೀಳುತ್ತದೆ, ಯಾರೂ ಮುಟ್ಟದೆ ಸಿಂಬಲ್ ಝಣ್ ಎನ್ನುತ್ತದೆ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಲ್ಯಾಪ್‌ಟಾಪ್‌ಗೆ, ಕೋಡ್‌ನಲ್ಲಿರುವ ಥ್ರೆಶೋಲ್ಡ್, ಅಂದರೆ ಎಷ್ಟು ಜೋರಿದ್ದರೆ ಪೆಟ್ಟೆಂದು ಎಣಿಸಬೇಕು ಅನ್ನುವ ಅಂಕಿ, ತಿದ್ದಲು. ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಇಂಥ ಪ್ಯಾಡ್‌ಗಳ ದೋಷ ಬಹುಪಾಲು ಇರುವುದು ಅಂಟು, ಫೋಮ್, ಬೆಸುಗೆ, ವೈರ್ ಈ ನಾಲ್ಕರಲ್ಲಿ. ಅಂಕಿ ತಿದ್ದಿದರೆ ದೋಷ ಮುಚ್ಚಿಕೊಳ್ಳುತ್ತದೆ, ಹೋಗುವುದಿಲ್ಲ. ಮುಂದಿನ ಸಲ ಅದು ಬೇರೆ ವೇಷದಲ್ಲಿ ಬಂದಾಗ ಹುಡುಕುವುದು ಇನ್ನೂ ಕಷ್ಟ.

ಇಲ್ಲಿ ಇಟ್ಟುಕೊಂಡಿರುವ ಜೋಡಣೆ ಇದು: ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟಿಸುವ, 27 ಅಥವಾ 35 ಮಿ.ಮೀ. ಅಗಲದ ಪೀಜೋ ಬಿಲ್ಲೆಗಳು, ಬೆರಳಲ್ಲಿ ನುಡಿಸುವ ಕಡೆ ಎಫ್‌ಎಸ್‌ಆರ್, ಅಂದರೆ ಒತ್ತಿದಷ್ಟೂ ರೆಸಿಸ್ಟೆನ್ಸ್ ಇಳಿಯುವ ತೆಳು ಹಾಳೆ, ಹೈಹ್ಯಾಟ್ ಪೆಡಲ್‌ಗೆ ಇನ್ಫ್ರಾರೆಡ್ ಬೆಳಕಿನ ಸೆನ್ಸರ್ ಅಥವಾ ಆಯಸ್ಕಾಂತವನ್ನು ಗ್ರಹಿಸುವ ಹಾಲ್ ಸೆನ್ಸರ್. ಪೀಜೋದ ನಡುವಿನ ಬಿಳಿ ಭಾಗದ ವೈರು ಅನಲಾಗ್ ಪಿನ್ನಿಗೆ, ಹಿತ್ತಾಳೆ ಭಾಗದ ವೈರು ಗ್ರೌಂಡಿಗೆ. ಈ ಎರಡು ವೈರುಗಳ ನಡುವೆ 1 ಮೆಗಾಓಮ್ ರೆಸಿಸ್ಟರ್ ಮತ್ತು 5.1 ವೋಲ್ಟ್ ಜೀನರ್ ಡಯೋಡ್. ಡಯೋಡಿನ ಪಟ್ಟೆ ಇರುವ ತುದಿ ಪಿನ್ ಕಡೆಗೆ. ಅಲ್ಲಿಂದ ಪಿನ್ನಿಗೆ ಹೋಗುವ ದಾರಿಯಲ್ಲಿ 10 ಕಿಲೋಓಮ್ ರೆಸಿಸ್ಟರ್ ಒಂದು. ಜೀನರ್ ಯಾಕೆ ಅಂದರೆ, ಸ್ಟಿಕ್ಕಿನ ಜೋರು ಪೆಟ್ಟಿಗೆ ಪೀಜೋ ಹತ್ತಾರು ವೋಲ್ಟ್ ಉಗುಳಬಲ್ಲದು. ಊನೋದ ಪಿನ್ ತಾಳುವುದು ತನ್ನ 5 ವೋಲ್ಟಿಗಿಂತ ಅರ್ಧ ವೋಲ್ಟ್ ಹೆಚ್ಚು, ಅಷ್ಟೇ. ಟೀನ್ಸಿ 4 ಅಥವಾ ಇಎಸ್‌ಪಿ32 ಬಳಸಿದ್ದರೆ ಗಡಿ 3.3 ವೋಲ್ಟ್, ಊನೋಗೆ ಕಟ್ಟಿದ ಸರ್ಕ್ಯೂಟನ್ನು ಹಾಗೇ ಎತ್ತಿ ಅವಕ್ಕೆ ಸಿಕ್ಕಿಸಬೇಡಿ.

## ಕೈ ಹಾಕುವ ಮೊದಲು

ಹೆಡ್‌ಫೋನ್ ಹಾಕಿಕೊಂಡು ದೋಷ ಹುಡುಕಬೇಡಿ. ಸಡಿಲ ವೈರು ತಗುಲಿದ ಕ್ಷಣ ಪೂರ್ತಿ ಜೋರಿನ ಸ್ನೇರ್ ನೇರವಾಗಿ ಕಿವಿಗೆ ಬೀಳುತ್ತದೆ. ಸಣ್ಣ ಸ್ಪೀಕರ್, ಕಡಿಮೆ ವಾಲ್ಯೂಮ್ ಸಾಕು.

ವೈರು ಬದಲಿಸುವಾಗ ಪ್ರತಿ ಸಲವೂ ಯುಎಸ್‌ಬಿ ಕೇಬಲ್ ಕಿತ್ತಿಡಿ. ಆಂಪ್ಲಿಫೈಯರ್ ಗುಂಯ್‌ಗುಟ್ಟಿದರೆ ಅದರ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ತ್ ಪಿನ್ ತೆಗೆಯುವ "ಉಪಾಯ" ಯಾರು ಹೇಳಿದರೂ ಕೇಳಬೇಡಿ. ಗುಂಯ್ ಸದ್ದು ನಿಲ್ಲಬಹುದು, ಜೊತೆಗೆ ಶಾಕ್‌ನಿಂದ ಕಾಯುವ ದಾರಿಯೂ ಹೋಗುತ್ತದೆ. ಆಂಪ್ಲಿಫೈಯರ್ ಬಿಚ್ಚುವ ಕೆಲಸ ಈ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಪೀಜೋದ ಬಿಳಿ ಸೆರಾಮಿಕ್‌ನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಅದನ್ನು ಉಜ್ಜಬೇಡಿ, ಕೊರೆಯಬೇಡಿ, ಕತ್ತರಿಸಬೇಡಿ. ಒಡೆದ ಚೂರು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಬೆಸುಗೆ ಕೆಲಸ ಕಿಟಕಿ ತೆರೆದು ಮಾಡಿ, ಮುಗಿದ ಮೇಲೆ ಕೈ ತೊಳೆದು ಊಟಕ್ಕೆ ಕೂರಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಸಾದಾ ಮಲ್ಟಿಮೀಟರ್, ಚೆನ್ನಾಗಿದೆ ಅಂತ ಖಾತ್ರಿಯಾದ ಒಂದು ಕೇಬಲ್, ಒಂದೆರಡು ಹೆಚ್ಚುವರಿ ಪೀಜೋ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪೀಜೋ ಕೊಳ್ಳುವವರು ವೈರ್ ಹಚ್ಚಿಯೇ ಬರುವ ಬಿಲ್ಲೆ ಕೇಳಿ. ಕಾರಣ ಮುಂದೆ ಗೊತ್ತಾಗುತ್ತದೆ.

## ಎಷ್ಟು ಹೊಡೆದರೂ ಸದ್ದೇ ಇಲ್ಲ

ಒಂದೇ ಪ್ಯಾಡೋ, ಎಲ್ಲವೋ? ಮೊದಲು ಇದನ್ನು ತೀರ್ಮಾನಿಸಿ.

ಎಲ್ಲವೂ ಮೌನವಾಗಿದ್ದರೆ ಪ್ಯಾಡ್ ಬಿಚ್ಚಬೇಡಿ. ಊನೋ ತಾನಾಗಿ ಯುಎಸ್‌ಬಿ ಮಿಡಿ ಸಾಧನವಾಗಿ ಕಾಣಿಸಿಕೊಳ್ಳುವುದಿಲ್ಲ. ಮಿಡಿ ಅಂದರೆ ಯಾವ ಸದ್ದು, ಎಷ್ಟು ಜೋರು ಅನ್ನುವುದನ್ನು ವಾದ್ಯ ಮತ್ತು ಕಂಪ್ಯೂಟರ್ ಒಂದಕ್ಕೊಂದು ತಿಳಿಸುವ ಭಾಷೆ. ಸೀರಿಯಲ್‌ನಿಂದ ಮಿಡಿಗೆ ದಾಟಿಸುವ ಒಂದು ತಂತ್ರಾಂಶ ನಡುವೆ ಬೇಕು. ಆರ್ಡುಯಿನೋದ ಸೀರಿಯಲ್ ಮಾನಿಟರ್ ತೆರೆದೇ ಇದ್ದರೆ ಆ ತಂತ್ರಾಂಶಕ್ಕೆ ಪೋರ್ಟ್ ಸಿಗುವುದಿಲ್ಲ. ಮಾನಿಟರ್ ಮುಚ್ಚಿ ನೋಡಿ, ಎಷ್ಟೋ ಜನರ ಸಮಸ್ಯೆ ಇಲ್ಲೇ ತೀರುತ್ತದೆ. ಆಮೇಲೆ ಎರಡೂ ಕಡೆ ಬಾಡ್ ರೇಟ್, ಅಂದರೆ ಅಂಕಿ ಕಳಿಸುವ ವೇಗ, ಒಂದೇ ಇದೆಯೇ ನೋಡಿ. ಗುಂಡು ಪಿನ್ನಿನ ಹಳೆಯ ಮಿಡಿ ಕೇಬಲ್‌ಗೆ 31250 ಬೇಕು, ಯುಎಸ್‌ಬಿ ಸೇತುವೆಗೆ ಸಾಮಾನ್ಯವಾಗಿ 115200 ಇಟ್ಟಿರುತ್ತಾರೆ. ಇನ್ನು ಡ್ರಮ್ ಸದ್ದುಗಳು ಇರುವುದು ಮಿಡಿಯ 10ನೇ ಚಾನೆಲ್‌ನಲ್ಲಿ: ಕಿಕ್‌ಗೆ 36, ಸ್ನೇರ್‌ಗೆ 38, ಮುಚ್ಚಿದ ಹೈಹ್ಯಾಟ್‌ಗೆ 42, ತೆರೆದದ್ದಕ್ಕೆ 46. ಪಿಯಾನೋ ಸದ್ದು ಬರುತ್ತಿದ್ದರೆ ಚಾನೆಲ್ ತಪ್ಪಿದೆ, ಪ್ಯಾಡ್ ಸರಿಯಿದೆ ಅಂತ ಅರ್ಥ.

ಒಂದೇ ಪ್ಯಾಡ್ ಮೌನವಾಗಿದ್ದರೆ ಅದರ ಕೇಬಲ್ಲನ್ನು ಪಕ್ಕದ, ಕೆಲಸ ಮಾಡುವ ಪ್ಯಾಡಿನ ಕೇಬಲ್ ಜೊತೆ ಅದಲು ಬದಲು ಮಾಡಿ. ಮೌನ ಕೇಬಲ್ ಜೊತೆ ಹೋಯಿತೇ, ಪ್ಯಾಡ್ ಜೊತೆ ಉಳಿಯಿತೇ, ಪಿನ್ನಿಗೇ ಅಂಟಿಕೊಂಡಿತೇ? ಖರ್ಚಿಲ್ಲದ ಈ ಒಂದು ಪರೀಕ್ಷೆ ಮೀಟರ್ ಹಿಡಿಯುವ ಮೊದಲೇ ಹುಡುಕಾಟದ ಜಾಗವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಮುಂದೆ ಹೇಳುವ ಬಹುತೇಕ ಲಕ್ಷಣಗಳಿಗೂ ಇದೇ ಮೊದಲ ಹೆಜ್ಜೆ.

ಮೌನ ಪ್ಯಾಡಿನಲ್ಲೇ ಉಳಿದರೆ ಪೀಜೋದ ಎರಡೂ ವೈರನ್ನು ಸರ್ಕ್ಯೂಟಿನಿಂದ ಬಿಡಿಸಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬಿಲ್ಲೆಯನ್ನು ಬೆರಳಲ್ಲಿ ತಟ್ಟಿ. ಅಂಕಿ ಒಂದಿಷ್ಟು ಜಿಗಿದರೆ ಬಿಲ್ಲೆ ಜೀವಂತ. ಮೀಟರ್ ನಿಧಾನದ್ದು, ನಿಜವಾದ ಎತ್ತರ ತೋರಿಸುವುದಿಲ್ಲ. ಜಿಗಿತ ಇದೆಯೋ ಇಲ್ಲವೋ ಅಷ್ಟನ್ನೇ ನೋಡಿ. ಓಮ್‌ಗೆ ಇಟ್ಟರೆ ಆರೋಗ್ಯವಂತ ಪೀಜೋ ತೆರೆದ ಸರ್ಕ್ಯೂಟಿನಂತೆ ಓದುತ್ತದೆ. "ರೆಸಿಸ್ಟೆನ್ಸೇ ಇಲ್ಲ, ಸತ್ತಿದೆ" ಅಂತ ಒಳ್ಳೆಯ ಬಿಲ್ಲೆಯನ್ನು ಕಸಕ್ಕೆ ಎಸೆಯುವವರಿದ್ದಾರೆ. ಪೀಜೋ ಅಂದರೆ ಕೆಪಾಸಿಟರ್ ಇದ್ದ ಹಾಗೆಯೇ. ಮೀಟರಿನಲ್ಲಿ ಕೆಪಾಸಿಟೆನ್ಸ್ ಅಳೆಯುವ ಸೌಲಭ್ಯ ಇದ್ದರೆ ಈ ಗಾತ್ರದ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್ ಆಸುಪಾಸು ತೋರಿಸಬೇಕು. ಅದರ ಕಾಲು ಭಾಗಕ್ಕಿಂತ ಕಡಿಮೆ ಬಂದರೆ ಸೆರಾಮಿಕ್ ಬಿರಿದಿದೆ ಅಥವಾ ಬೆಳ್ಳಿ ಲೇಪ ಎದ್ದಿದೆ.

ಬಿಲ್ಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬೆಸುಗೆಯ ಗುಂಡಿನಿಂದ ಅಂಚಿನ ಕಡೆಗೆ ಕೂದಲೆಳೆಯ ಗೆರೆಯೊಂದು ಹೊರಟಿದ್ದರೆ ಅದು ಬಿರುಕು. ಗುಂಡಿನ ಸುತ್ತ ಬೂದು ಬಣ್ಣದ ಉಂಗುರ ಕಂಡರೆ ಹೆಚ್ಚು ಹೊತ್ತು ಕಾಯಿಸಿದ್ದರಿಂದ ಬೆಳ್ಳಿ ಲೇಪ ಸೋಲ್ಡರ್‌ಗೆ ಕರಗಿ ಹೋಗಿದೆ. ವೈರು ಹಿಡಿದಂತೆ ಕಾಣುತ್ತದೆ, ಸಿಗ್ನಲ್ ಬರುವುದಿಲ್ಲ. ಇಂಥದ್ದಕ್ಕೆ ಮತ್ತೆ ಸೋಲ್ಡರ್ ಹಾಕಿದರೆ ಇನ್ನಷ್ಟು ಕೆಡುತ್ತದೆ. ಹತ್ತಿಪ್ಪತ್ತು ರೂಪಾಯಿಯ ಮಾಲು, ಹೊಸದು ಹಾಕಿ. ವೈರ್ ಹಚ್ಚಿ ಬರುವ ಬಿಲ್ಲೆ ಕೇಳಿ ಅಂದದ್ದು ಇದಕ್ಕೇ. ನೀವೇ ಬೆಸೆಯುವುದಾದರೆ ಮೊದಲು ವೈರಿನ ತುದಿಗೆ ತವರ ಸವರಿಕೊಳ್ಳಿ, ಬಿಲ್ಲೆಯ ಅಂಚಿಗೆ ಹತ್ತಿರವಾಗಿ ಸೋಲ್ಡರ್ ಚೆನ್ನಾಗಿ ಹಿಡಿಯಲು ಒಂದು ಚುಕ್ಕೆ ಫ್ಲಕ್ಸ್ ಇಡಿ, ಕಾದ ಐರನ್ ಒಂದೆರಡು ಸೆಕೆಂಡ್ ತಾಗಿಸಿ ತೆಗೆಯಿರಿ. ಬೆಸುಗೆಯಿಂದ ಸ್ವಲ್ಪ ಆಚೆ ವೈರನ್ನು ಪ್ಲೈವುಡ್ಡಿಗೆ ಅಂಟಿಸಿ ಬಿಗಿ ಮಾಡಿ. ಇಲ್ಲದಿದ್ದರೆ ಪ್ರತಿ ಪೆಟ್ಟಿಗೂ ವೈರು ಬೆಸುಗೆಯನ್ನೇ ಎಳೆಯುತ್ತಿರುತ್ತದೆ.

## ಯಾರೂ ಮುಟ್ಟದೆ ತಾನಾಗಿ ನುಡಿಯುತ್ತದೆ

ಪೀಜೋ ಹಚ್ಚದೆ ಖಾಲಿ ಬಿಟ್ಟ ಅನಲಾಗ್ ಪಿನ್ ಗಾಳಿಯಲ್ಲಿರುವುದನ್ನೆಲ್ಲ ಹಿಡಿಯುತ್ತದೆ. ಊನೋದಲ್ಲಿ ಎ0ದಿಂದ ಎ5ರವರೆಗೆ ಆರು ಪಿನ್. ನೀವು ನಾಲ್ಕು ಪ್ಯಾಡ್ ಕಟ್ಟಿ ಕೋಡ್‌ನಲ್ಲಿ ಆರನ್ನೂ ಓದುತ್ತಿದ್ದರೆ ಉಳಿದೆರಡು ದೆವ್ವದ ಪ್ಯಾಡ್‌ಗಳೇ. ಅವನ್ನು ಗ್ರೌಂಡಿಗೆ ಕಟ್ಟಿ, ಅಥವಾ ಕೋಡ್‌ನಲ್ಲಿ ಓದುವುದನ್ನೇ ಬಿಡಿ.

ಪೀಜೋ ಹಚ್ಚಿದ ಪಿನ್ನೇ ತಾನಾಗಿ ನುಡಿದರೆ 1 ಮೆಗಾಓಮ್ ರೆಸಿಸ್ಟರ್ ಬ್ರೆಡ್‌ಬೋರ್ಡಿನಲ್ಲಿ ನಿಜವಾಗಿಯೂ ಕೂತಿದೆಯೇ ನೋಡಿ. ಅದಿಲ್ಲದಿದ್ದರೆ ಬಿಲ್ಲೆಯಲ್ಲಿ ಹುಟ್ಟಿದ ವಿದ್ಯುತ್ತಿಗೆ ಬೇಗ ಇಳಿದು ಹೋಗುವ ದಾರಿಯಿಲ್ಲ, ಓದು ಮೇಲೆ ಕೆಳಗೆ ತೇಲಾಡುತ್ತದೆ. ಕಂದು, ಕಪ್ಪು, ಹಸಿರು ಪಟ್ಟೆ ಇದ್ದರೆ 1 ಮೆಗಾಓಮ್. ಮೂರನೆಯದು ಹಳದಿಯಾಗಿದ್ದರೆ 100 ಕಿಲೋಓಮ್. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎರಡನ್ನೂ ಒಂದೇ ಅಂದುಕೊಳ್ಳುವುದು ಸುಲಭ, ಆದ್ದರಿಂದ ಮೀಟರಿನಲ್ಲೇ ಅಳೆಯಿರಿ.

ಮುಂದಿನ ಪರೀಕ್ಷೆ ಇನ್ನೂ ಸುಲಭ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ದೆವ್ವ ಓಡಿಹೋದರೆ ಕಾರಣ ಚಾರ್ಜರ್, ಅದರಲ್ಲೂ ಅರ್ತ್ ಇಲ್ಲದ ಎರಡು ಪಿನ್ನಿನದು. ಪಿನ್ನಿನ ಓದನ್ನು ಗೆರೆಯಾಗಿ ತೋರಿಸುವ ಆರ್ಡುಯಿನೋದ ಸೀರಿಯಲ್ ಪ್ಲಾಟರ್‌ನಲ್ಲಿ ಸಮನಾದ ಅಲೆ ನಿಲ್ಲದೆ ಕಾಣುತ್ತಿದ್ದು, ಕೇಬಲ್ಲನ್ನು ಕೈಯಲ್ಲಿ ಹಿಡಿದಾಗ ಎತ್ತರವಾದರೆ ಅದು ಮನೆ ಕರೆಂಟಿನ 50 ಹರ್ಟ್ಸ್. ಪ್ಯಾಡಿನಿಂದ ಬೋರ್ಡಿಗೆ ಬರುವ ವೈರು ಗಿಡ್ಡ ಮಾಡಿ, ಜಾಲರಿ ಹೊದಿಕೆ ಇರುವ ಆಡಿಯೋ ಕೇಬಲ್ ಹಾಕಿ, ಜಾಲರಿಯನ್ನು ಗ್ರೌಂಡಿಗೆ ಸೇರಿಸಿ. ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್ ಪಕ್ಕದಿಂದ ದೂರ ಎಳೆಯಿರಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಬಂದಾಗ ಮಾತ್ರ ದೆವ್ವ ಕುಣಿದರೆ ಸರ್ಕ್ಯೂಟನ್ನು ಬೈಯಬೇಡಿ. ಅಗ್ಗದ ಇನ್ವರ್ಟರ್‌ಗಳ ಚೌಕ ಅಲೆಯಲ್ಲಿ ಗದ್ದಲ ಜಾಸ್ತಿ.

ಮಳೆಗಾಲದಲ್ಲಿ ಇನ್ನೊಂದು ಬಗೆ ಇದೆ, ಕರಾವಳಿ ಮತ್ತು ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬೆಸುಗೆಯ ಸುತ್ತ ತೊಳೆಯದೆ ಬಿಟ್ಟ ಫ್ಲಕ್ಸ್ ತೇವ ಹೀರಿಕೊಂಡು ತಾನೇ ಒಂದು ರೆಸಿಸ್ಟರ್ ಆಗುತ್ತದೆ. 1 ಮೆಗಾಓಮ್‌ನಷ್ಟು ದೊಡ್ಡ ಅಂಕಿ ಇರುವ ಸರ್ಕ್ಯೂಟಿನಲ್ಲಿ ಅಷ್ಟು ಸೋರಿಕೆಯೂ ಲೆಕ್ಕಕ್ಕೆ ಬರುತ್ತದೆ. ಒಂದು ಪ್ಯಾಡ್ ಮಂಕಾಗುತ್ತದೆ, ಇನ್ನೊಂದು ಸುಮ್ಮಸುಮ್ಮನೆ ಬೆಚ್ಚುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಪೂರ್ತಿ ಆರಿದ ಮೇಲೆ ಕರೆಂಟ್ ಕೊಡಿ. ಹತ್ತಿರ ದೀಪ, ಊದುಬತ್ತಿ ಇರಬಾರದು.

## ಒಂದು ಪೆಟ್ಟು, ಎರಡು ಸದ್ದು

ಇಲ್ಲಿ ಸೀರಿಯಲ್ ಪ್ಲಾಟರ್ ತೆರೆದು ಒಂದೇ ಒಂದು ಪೆಟ್ಟು ಹೊಡೆದು ಗೆರೆಯನ್ನು ನೋಡಬೇಕು. ಮೊದಲು ಚೂಪಾದ ಶಿಖರ, ಅದರ ಹಿಂದೆ ಇಳಿಯುತ್ತಾ ಬರುವ ಗುಡ್ಡಗಳು. ಎರಡನೇ ಗುಡ್ಡ ಥ್ರೆಶೋಲ್ಡ್ ದಾಟಿದರೆ ಅದೇ ಎರಡನೇ ಸದ್ದು. ಗುಡ್ಡಗಳು ಎಷ್ಟು ಹೊತ್ತು ನಿಲ್ಲುತ್ತವೆ ಅನ್ನುವುದನ್ನು ತೀರ್ಮಾನಿಸುವುದು ಮೇಲ್ಮೈ ಮತ್ತು ಫೋಮ್.

ಫೋಮನ್ನು ಬೆರಳಲ್ಲಿ ಒತ್ತಿ. ಬಿಸಿ ಇಡ್ಲಿಯ ಹಾಗೆ ತಗ್ಗಿ ಮತ್ತೆ ಮೇಲೇಳಬೇಕು. ಒತ್ತಿದ ಗುಳಿ ಹಾಗೇ ಉಳಿದರೆ ಅದರ ಆಯಸ್ಸು ಮುಗಿದಿದೆ, ಸ್ಟಿಕ್ ಬಿದ್ದಾಗ ಮೇಲಿನ ರಬ್ಬರ್ ಬಿಲ್ಲೆಗೆ ನೇರವಾಗಿ ಬಡಿದು ಪುಟಿಯುತ್ತದೆ. ರಬ್ಬರ್ ಬದಲು ಜಾಲರಿ ಬಟ್ಟೆಯ ಹೆಡ್ (ಹೊಡೆಯುವ ಮೇಲ್ಮೈ) ಇದ್ದರೆ ಬಿಗಿ ನೋಡಿ: ಸಡಿಲವಿದ್ದರೆ ಹೆಡ್ ಹೆಚ್ಚು ಹೊತ್ತು ತೂಗಾಡುತ್ತದೆ. ಎದುರುಬದುರು ತಿರುಪುಗಳನ್ನು ಸಮನಾಗಿ ಬಿಗಿ ಮಾಡುತ್ತಾ ಹೋಗಿ. ಹೆಡ್ಡಿಗೂ ಪೀಜೋಗೂ ನಡುವಿನ ಫೋಮ್ ಶಂಕು ಹೆಡ್ಡನ್ನು ಮುಟ್ಟಿಯೂ ಮುಟ್ಟದಂತಿದ್ದರೆ ಒಂದು ಪೆಟ್ಟಿಗೆ ಎರಡು ಸಲ ತಾಗುವುದು ಖಂಡಿತ. ಎರಡು ಮೂರು ಮಿ.ಮೀ. ಅದುಮಿದಂತೆ ಕೂರಬೇಕು. ಕಿಕ್ ಪ್ಯಾಡಿನಲ್ಲಿ ಎರಡು ಸದ್ದು ಬಂದರೆ ಬೀಟರ್ ನಿಜವಾಗಿಯೂ ಎರಡು ಸಲ ಬಡಿಯುತ್ತಿಲ್ಲವೇ ಅಂತ ಮೊದಲು ಕಾಲಿನ ಕಡೆ ನೋಡಿ. ಎಷ್ಟೋ ಸಲ ಸೆನ್ಸರ್ ಸತ್ಯವನ್ನೇ ಹೇಳುತ್ತಿರುತ್ತದೆ.

ಇದೆಲ್ಲ ಆದ ಮೇಲೆ ರೆಸಿಸ್ಟರ್. 1 ಮೆಗಾಓಮ್ ಮತ್ತು 20 ನ್ಯಾನೋಫ್ಯಾರಡ್ ಸೇರಿದರೆ ವಿದ್ಯುತ್ ಇಳಿಯುವ ಕಾಲ ಸುಮಾರು 20 ಮಿಲಿಸೆಕೆಂಡ್. 470 ಕಿಲೋಓಮ್ ಹಾಕಿದರೆ ಅದು ಅರ್ಧಕ್ಕೆ ಇಳಿಯುತ್ತದೆ, ಬಾಲ ಬೇಗ ಸಾಯುತ್ತದೆ. ಮೆಲ್ಲನೆಯ ಪೆಟ್ಟಿನ ಸಂವೇದನೆಯೂ ಸ್ವಲ್ಪ ಹೋಗುತ್ತದೆ, ಅದು ತೆರಬೇಕಾದ ಬೆಲೆ.

ಎಲ್ಲಕ್ಕೂ ಕೊನೆಗೆ ಕೋಡ್‌ನ ಮಾಸ್ಕ್ ಟೈಮ್, ಅಂದರೆ ಒಂದು ಪೆಟ್ಟು ಹಿಡಿದ ಮೇಲೆ ಆ ಪ್ಯಾಡಿಗೆ ಕಿವಿ ಮುಚ್ಚಿಕೊಳ್ಳುವ ಅವಧಿ. 30 ಮಿಲಿಸೆಕೆಂಡ್‌ನಿಂದ ಶುರು ಮಾಡಿ. ನಿಮಿಷಕ್ಕೆ 180 ಬೀಟ್ ವೇಗದಲ್ಲಿ ಬೀಟಿಗೆ ನಾಲ್ಕರಂತೆ ಹೊಡೆದರೆ ಪೆಟ್ಟುಗಳ ನಡುವೆ ಸುಮಾರು 83 ಮಿಲಿಸೆಕೆಂಡ್ ಇರುತ್ತದೆ, ಆದ್ದರಿಂದ 30ರಿಂದ 50ರವರೆಗೆ ಸ್ಟಿಕ್ ವಾದನಕ್ಕೆ ತೊಂದರೆಯಿಲ್ಲ. ಆದರೆ ಮೃದಂಗ, ತಬಲಾ ಕಲಿತ ಕೈ ಬೆರಳುಗಳಲ್ಲಿ ತಕಧಿಮಿ ಉದುರಿಸಿದಾಗ ಎರಡು ಕೈಯ ಪೆಟ್ಟು ಒಂದೇ ಪ್ಯಾಡಿನ ಮೇಲೆ ಇದಕ್ಕಿಂತ ಹತ್ತಿರ ಬೀಳುತ್ತವೆ. ಅಂಥವರು "ಅಕ್ಷರ ನುಂಗುತ್ತದೆ" ಎಂದು ದೂರಿದರೆ ಈ ಅಂಕಿ ದೊಡ್ಡದಾಗಿದೆ.

## ಹೊಡೆದದ್ದು ಸ್ನೇರ್, ಕೂಗಿದ್ದು ಟಾಮ್

ಒಂದೇ ಪೆಟ್ಟಿಗೆಯಲ್ಲಿ ಎಂಟು ಪ್ಯಾಡ್ ಕೂರಿಸುವ ಆಸೆ ಆರ್ಕೆಸ್ಟ್ರಾ ನೋಡಿ ಬೆಳೆದ ನಮ್ಮವರಿಗೆ ಸಹಜ. ರೋಲ್ಯಾಂಡ್ 1985ರಲ್ಲಿ ತಂದ ಆಕ್ಟಾಪ್ಯಾಡ್ ಆ ಆಕಾರವನ್ನು ಮನಸ್ಸಿನಲ್ಲಿ ಅಚ್ಚೊತ್ತಿದೆ. ಮನೆಯಲ್ಲಿ ಕಟ್ಟುವವರಿಗೆ ಅದೇ ಅತಿ ಕಷ್ಟದ ಆಕಾರ. ಒಂದೇ ಹಲಗೆ ಅಂದರೆ ಒಂದೇ ನಡುಕ, ಅದು ಎಂಟೂ ಬಿಲ್ಲೆಗೆ ತಲುಪುತ್ತದೆ.

ಮೊದಲು ಇದು ಮರದ ದೋಷವೋ ವೈರಿನ ದೋಷವೋ ಬೇರ್ಪಡಿಸಿ. ತಪ್ಪಾಗಿ ಕೂಗುವ ಟಾಮ್ ಪ್ಯಾಡನ್ನು ಸ್ಟ್ಯಾಂಡಿನಿಂದ ಬಿಚ್ಚಿ, ವೈರು ಹಾಗೇ ಇರಲಿ, ಇನ್ನೊಬ್ಬರ ಕೈಯಲ್ಲಿ ಹಿಡಿಸಿ. ಈಗ ಸ್ನೇರ್ ಹೊಡೆಯಿರಿ. ಟಾಮ್ ಸುಮ್ಮನಾದರೆ ನಡುಕ ಸ್ಟ್ಯಾಂಡಿನ ಮೂಲಕ ಬರುತ್ತಿತ್ತು. ಕೈಯಲ್ಲಿದ್ದರೂ ಕೂಗಿದರೆ ದೋಷ ವಿದ್ಯುತ್ತಿನದು.

ನಡುಕದ ದಾರಿಯಾದರೆ ಕಡಿಯಬೇಕು. ಪ್ಯಾಡ್ ಮತ್ತು ಪೈಪಿನ ನಡುವೆ ದಪ್ಪ ರಬ್ಬರ್ ವಾಷರ್, ಹಲಗೆಯ ಕೆಳಗೆ ಇವಿಎ ಫೋಮ್. ಪೀಜೋ ಕೂತಿರುವ ಹಲಗೆಯೇ ಬೇರೆ, ಚೌಕಟ್ಟೇ ಬೇರೆ ಆಗಬೇಕು. ನಡುವೆ ಮೆತ್ತನೆಯ ಪದರ ಇರಬೇಕು. ಬಿಗಿಯಾದ ಸ್ಕ್ರೂ ಒಂದು ಎರಡನ್ನೂ ಸೇರಿಸಿದ್ದರೆ ಎಷ್ಟು ಫೋಮ್ ಹಾಕಿದರೂ ಪ್ರಯೋಜನವಿಲ್ಲ, ನಡುಕ ಆ ಸ್ಕ್ರೂ ಹಿಡಿದೇ ದಾಟುತ್ತದೆ. ಪೀಜೋವನ್ನು ಹಾಟ್ ಗ್ಲೂ ಸುರಿದು ಹಲಗೆಗೆ ಗಟ್ಟಿಯಾಗಿ ಅಂಟಿಸಿದ್ದರೆ ಅದನ್ನೂ ಬಿಡಿಸಿ ಫೋಮ್ ಇರುವ ಡಬಲ್ ಸೈಡ್ ಟೇಪ್ ಮೇಲೆ ಕೂರಿಸಿ. ಕಿತ್ತು ತೆಗೆಯುವಾಗ ಬಿಲ್ಲೆ ಮಡಚಿದರೆ ಅದು ಮುಗಿಯಿತು, ತೆಳುವಾದ ದಾರವನ್ನು ಅಡಿಯಲ್ಲಿ ಎಳೆದು ಬಿಡಿಸುವುದು ಒಳ್ಳೆಯದು.

ವಿದ್ಯುತ್ತಿನ ದೋಷವಾದರೆ ಪ್ಲಾಟರ್‌ನಲ್ಲಿ ಎರಡೂ ಗೆರೆ ಒಟ್ಟಿಗೆ ನೋಡಿ. ನಡುಕದಿಂದ ಬಂದದ್ದು ಚಿಕ್ಕದಿರುತ್ತದೆ, ಆಕಾರವೂ ಬೇರೆ. ಸ್ನೇರ್‌ನ ಗೆರೆಯ ನಕಲೇ ಟಾಮ್‌ನಲ್ಲೂ ಅದೇ ಕ್ಷಣಕ್ಕೆ, ಹೆಚ್ಚು ಕಡಿಮೆ ಅದೇ ಎತ್ತರದಲ್ಲಿ ಕಂಡರೆ ಟಾಮ್‌ನ ಪೀಜೋ ಬೋರ್ಡಿಗೆ ಸೇರಿಯೇ ಇಲ್ಲ ಅನ್ನುವ ಅನುಮಾನ ಬರಬೇಕು. ಊನೋ ಒಂದೇ ಅಳತೆಗಾರನನ್ನು ಆರು ಪಿನ್‌ಗಳಿಗೆ ಸರದಿಯಲ್ಲಿ ಓಡಿಸುತ್ತದೆ. ಅದರೊಳಗಿನ ಪುಟ್ಟ ಕೆಪಾಸಿಟರ್, ಸುಮಾರು 14 ಪಿಕೋಫ್ಯಾರಡ್, ಹಿಂದಿನ ಪಿನ್ನಿನ ವೋಲ್ಟೇಜನ್ನು ಹೊತ್ತೇ ಮುಂದಿನದಕ್ಕೆ ಬರುತ್ತದೆ. ಅಲ್ಲಿ ಪೀಜೋ ಇದ್ದರೆ ಅದರ ಸಾವಿರ ಪಟ್ಟು ದೊಡ್ಡ ಕೆಪಾಸಿಟೆನ್ಸ್ ಈ ಉಳಿಕೆಯನ್ನು ನುಂಗಿಬಿಡುತ್ತದೆ. ವೈರು ಕಡಿದಿದ್ದರೆ ನುಂಗುವವರಿಲ್ಲ, ಹಳೆಯ ಓದು ಹಾಗೇ ಕಾಣುತ್ತದೆ. ಆದ್ದರಿಂದ ಕೂಗುತ್ತಿರುವ ಪ್ಯಾಡಿನ ವೈರು, ಜಾಕ್ ಮೊದಲು ನೋಡಿ. ಆರಕ್ಕಿಂತ ಹೆಚ್ಚು ಪ್ಯಾಡ್‌ಗಾಗಿ ಹಲವು ಪ್ಯಾಡನ್ನು ಒಂದೇ ಪಿನ್ನಿಗೆ ಸರದಿಯಲ್ಲಿ ಜೋಡಿಸುವ 4051 ಮಲ್ಟಿಪ್ಲೆಕ್ಸರ್ ಚಿಪ್ ಹಾಕಿದ್ದರೆ ಚಾನೆಲ್ ಬದಲಿಸಿದ ತಕ್ಷಣದ ಒಂದು ಓದನ್ನು ಎಸೆದು ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

## ಮೆಲ್ಲಗೆ ಹೊಡೆದರೂ ಜೋರು, ಇಲ್ಲವೇ ನಡುವೆ ಮಾತ್ರ ಜೋರು

ಪ್ಲಾಟರ್‌ನಲ್ಲಿ ಪ್ರತಿ ಪೆಟ್ಟೂ 1023ಕ್ಕೆ ಹೋಗಿ ತಲೆ ಚಪ್ಪಟೆಯಾಗುತ್ತಿದ್ದರೆ ಸಿಗ್ನಲ್ ಅತಿಯಾಗಿದೆ. ಊನೋ 0ಯಿಂದ 5 ವೋಲ್ಟನ್ನು 1024 ಮೆಟ್ಟಿಲಾಗಿ ನೋಡುತ್ತದೆ, ಅದಕ್ಕಿಂತ ಮೇಲಿನದ್ದೆಲ್ಲ ಅದಕ್ಕೆ ಒಂದೇ. ಪೀಜೋ ಮೇಲೆ ಇನ್ನೊಂದು ಪದರ ಫೋಮ್ ಹಾಕುವುದು ಅತಿ ಅಗ್ಗದ ಮದ್ದು.

ಬಿಲ್ಲೆಯ ನೇರ ಮೇಲೆ ಹೊಡೆದಾಗ ಸಿಡಿಲು, ಅಂಚಿನಲ್ಲಿ ಹೊಡೆದಾಗ ಪಿಸುಮಾತು ಅಂದರೆ ಪೆಟ್ಟಿನ ಬಲ ಹರಡುತ್ತಿಲ್ಲ. ಫೋಮಿನ ಮೇಲೆ ತೆಳು ಅಲ್ಯೂಮಿನಿಯಂ ತಗಡು ಅಥವಾ ಗಟ್ಟಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರಬ್ಬರ್ ಹಾಕಿ. ತಗಡು ಬಲವನ್ನು ಹಂಚುತ್ತದೆ. ಜಾಲರಿ ಹೆಡ್ಡಿನಲ್ಲಿ ನಡುವಿನ ಶಂಕುವಿನ ಜಾಗದಲ್ಲಿ ಸ್ವಲ್ಪ ಜೋರು ಇದ್ದೇ ಇರುತ್ತದೆ, ಅದರೊಂದಿಗೆ ಬದುಕಬೇಕು. ಹೆಡ್ ಬದಲು ಬರಿಯ ಪ್ಲೈವುಡ್ ಮೇಲೆ ತೆಳು ರಬ್ಬರ್ ಹಚ್ಚಿ ಮುಗಿಸುವವರು ಮಣಿಕಟ್ಟಿನ ನೋವು ಬಂದರೆ ಅದನ್ನೂ ದೋಷದ ಪಟ್ಟಿಗೆ ಸೇರಿಸಿಕೊಳ್ಳಿ. 1981ರ ಸಿಮನ್ಸ್ ಕಂಪನಿಯ ಆರು ಮೂಲೆಯ ಪ್ಯಾಡ್‌ಗಳ ಗಟ್ಟಿ ಮೇಲ್ಮೈ ಬಗ್ಗೆಯೂ ವಾದಕರ ದೂರು ಇದೇ ಆಗಿತ್ತು. ಜಾಲರಿ ಹೆಡ್ ಇರುವ ರೋಲ್ಯಾಂಡ್ ವಿ-ಡ್ರಮ್ಸ್ ಬಂದದ್ದು 1997ರಲ್ಲಿ.

ಪೆಟ್ಟಿನ ಬಲ ಸುಮ್ಮನೆ ಏರುಪೇರಾಗುತ್ತಿದ್ದರೆ ಪೀಜೋದ ಎರಡು ವೈರು ಅದಲು ಬದಲಾಗಿರಬಹುದು. ಆಗ ಪೆಟ್ಟಿನ ಮೊದಲ ಅಲೆ ಸೊನ್ನೆಯ ಕೆಳಗೆ ಹೋಗಿ ಕತ್ತರಿಸಿಹೋಗುತ್ತದೆ, ನಿಮಗೆ ಸಿಗುವುದು ಪುಟಿದು ಬಂದ ಎರಡನೇ ಅಲೆ. ತಿರುಗಿಸಿ ಹಚ್ಚಿ, ಯಾವುದರಲ್ಲಿ ಎತ್ತರ ಹೆಚ್ಚೋ ಅದನ್ನು ಉಳಿಸಿಕೊಳ್ಳಿ.

ಕೋಡ್‌ನಲ್ಲಿ ನೋಡಬೇಕಾದದ್ದು ಒಂದಿದೆ. ದೋಷ ಹುಡುಕಲು ಹಾಕಿದ ಸೀರಿಯಲ್ ಪ್ರಿಂಟ್ ಸಾಲು ಹಾಗೇ ಉಳಿದು, ಬಾಡ್ ರೇಟ್ 9600 ಇದ್ದರೆ ಒಂದೊಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್ ಹೋಗುತ್ತದೆ. ನಾಲ್ಕಂಕಿ ಬರೆಯುವಷ್ಟರಲ್ಲಿ ಶಿಖರ ಬಂದು ಹೋಗಿರುತ್ತದೆ. ಒಂದು ಸಲದ ಅನಲಾಗ್ ಓದಿಗೆ ಬೇಕಾಗುವುದು 0.1 ಮಿಲಿಸೆಕೆಂಡ್ ಆಸುಪಾಸು ಮಾತ್ರ. ಥ್ರೆಶೋಲ್ಡ್ ದಾಟಿದ ಮೇಲೆ ಎರಡು ಮೂರು ಮಿಲಿಸೆಕೆಂಡ್ ಬಿಡದೆ ಓದಿ ಅದರಲ್ಲಿ ಅತಿ ಎತ್ತರದ್ದನ್ನು ಪೆಟ್ಟಿನ ಬಲವೆಂದು ತೆಗೆದುಕೊಳ್ಳಬೇಕು. ನಡುವೆ ಡಿಲೇ ಸಾಲು ಇದ್ದರೆ ತೆಗೆದುಹಾಕಿ.

## ಸದ್ದು ತಡವಾಗಿ ಬರುತ್ತದೆ

ಬ್ಲೂಟೂತ್ ಸ್ಪೀಕರ್ ಅಥವಾ ಹೆಡ್‌ಸೆಟ್ ಇದ್ದರೆ ಹುಡುಕಾಟ ಅಲ್ಲಿಗೇ ನಿಲ್ಲಿಸಿ, ವೈರ್ ಇರುವುದನ್ನು ಹಾಕಿ. ಆಮೇಲೆ ತಂತ್ರಾಂಶದ ಬಫರ್, ಅಂದರೆ ನುಡಿಸುವ ಮೊದಲು ಅದು ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು: 44,100 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಅಂದರೆ ಸುಮಾರು 6 ಮಿಲಿಸೆಕೆಂಡ್, 1024 ಅಂದರೆ 23. ವಿಂಡೋಸ್‌ನಲ್ಲಿ ತಡ ಕಡಿಮೆ ಮಾಡುವ ಆಸಿಯೋ ಡ್ರೈವರ್ ಇದ್ದರೆ ಒಳ್ಳೆಯದು. ಪ್ಯಾಡಿನಲ್ಲಿ ಹುಡುಕುವಂಥದ್ದು ಇಲ್ಲಿ ಏನೂ ಇಲ್ಲ.

## ಎಫ್‌ಎಸ್‌ಆರ್ ಪ್ಯಾಡ್ ಕೈ ತೆಗೆದರೂ ಬಿಡುವುದಿಲ್ಲ

ಎಫ್‌ಎಸ್‌ಆರ್ ತಾನಾಗಿ ವಿದ್ಯುತ್ ಹುಟ್ಟಿಸುವುದಿಲ್ಲ, ಆದ್ದರಿಂದ ಪೀಜೋ ಸರ್ಕ್ಯೂಟ್ ಇದಕ್ಕೆ ಹೊಂದುವುದಿಲ್ಲ. 5 ವೋಲ್ಟಿನಿಂದ ಎಫ್‌ಎಸ್‌ಆರ್, ಅಲ್ಲಿಂದ ಪಿನ್, ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್. ಮುಟ್ಟದಿದ್ದಾಗ ಓದು ಸೊನ್ನೆಯ ಹತ್ತಿರ ಇರಬೇಕು.

ಸೊನ್ನೆಗೆ ಇಳಿಯದಿದ್ದರೆ ಮೇಲಿನ ರಬ್ಬರನ್ನು ಎತ್ತಿ ನೋಡಿ. ಇಳಿದರೆ ರಬ್ಬರಿನ ಭಾರ ಅಥವಾ ಬಿಗಿದ ಟೇಪೇ ಅದನ್ನು ಒತ್ತುತ್ತಿದೆ. ಆಗಲೂ ಇಳಿಯದಿದ್ದರೆ ಬಾಗಿದ ಜಾಗದಲ್ಲಿ ಒಳಪದರ ಅಂಟಿಕೊಂಡಿದೆ. ಎಫ್‌ಎಸ್‌ಆರ್ ಕೂರಬೇಕಾದದ್ದು ಪೂರ್ತಿ ಸಮತಟ್ಟು ಜಾಗದಲ್ಲಿ. ಒತ್ತಿದ ಮೇಲೆ ನಿಧಾನವಾಗಿ ಬಿಡುತ್ತಿದ್ದರೆ ಬಾಲದ ಕಡೆ ಗಾಳಿ ಓಡಾಡುವ ಸಣ್ಣ ದಾರಿಯನ್ನು ಟೇಪ್ ಮುಚ್ಚಿದೆಯೇ ನೋಡಿ, ಒಳಗಿನ ಗಾಳಿಗೆ ಹೊರದಾರಿ ಬೇಕು. ಸೂಪರ್ ಗ್ಲೂ ಬಳಸಬೇಡಿ, ಹಾಳೆ ಕೆಡುತ್ತದೆ. ಬಾಲಕ್ಕೆ ನೇರವಾಗಿ ಐರನ್ ಇಟ್ಟರೆ ಪ್ಲಾಸ್ಟಿಕ್ ಕರಗುತ್ತದೆ, ನೂರಾರು ರೂಪಾಯಿ ಅಲ್ಲೇ ಹೋಯಿತು; ಕಚ್ಚಿ ಹಿಡಿಯುವ ಕನೆಕ್ಟರ್ ಹಾಕಿ.

ಇದನ್ನು ಸ್ಟಿಕ್ಕಿನಿಂದ ಹೊಡೆಯಲು ಇಡುವುದು ನನಗೆ ಒಪ್ಪಿಗೆಯಿಲ್ಲ. ಸ್ಟಿಕ್ಕಿನ ಬಲಕ್ಕೆ ಓದು ತಕ್ಷಣ ಗರಿಷ್ಠ ಮುಟ್ಟಿಬಿಡುತ್ತದೆ, ಹಾಳೆಯೂ ಬೇಗ ಸೋಲುತ್ತದೆ. ಬೆರಳಿನ ವಾದನಕ್ಕೆ, ಸಿಂಬಲ್ಲನ್ನು ಹಿಡಿದು ಸದ್ದು ನಿಲ್ಲಿಸುವ ಅಂಚಿಗೆ ಇದರಷ್ಟು ಚೆನ್ನಾದದ್ದು ಸಿಗದು.

## ಹೈಹ್ಯಾಟ್ ಪೆಡಲ್ ಹಗಲು ಒಂದು ಥರ, ರಾತ್ರಿ ಒಂದು ಥರ

ಟಿಸಿಆರ್‌ಟಿ5000ದಂಥ ಇನ್ಫ್ರಾರೆಡ್ ಸೆನ್ಸರ್ ಹಾಕಿದವರ ದೂರು ಇದು. ಕಿಟಕಿಯ ಬಿಸಿಲಿನಲ್ಲೂ ಇನ್ಫ್ರಾರೆಡ್ ಇರುತ್ತದೆ. ಪೆಡಲ್ ಸುತ್ತ ಕಪ್ಪು ಬಟ್ಟೆ ಮುಚ್ಚಿ ನೋಡಿ. ಸರಿಹೋದರೆ ಸೆನ್ಸರಿಗೆ ಕಪ್ಪು ಹೊದಿಕೆ ಮಾಡಿ. ಓದು ಬದಲಾಗುತ್ತಲೇ ಇಲ್ಲವಾದರೆ ಫೋನಿನ ಕ್ಯಾಮೆರಾ ಹಿಡಿಯಿರಿ, ಬಹಳಷ್ಟು ಫೋನ್‌ಗಳಲ್ಲಿ, ಅದರಲ್ಲೂ ಸೆಲ್ಫಿ ಕ್ಯಾಮೆರಾದಲ್ಲಿ, ಎಲ್‌ಇಡಿ ಮಸುಕು ನೇರಳೆಯಾಗಿ ಹೊಳೆಯುತ್ತದೆ. ಹೊಳೆಯದಿದ್ದರೆ ಎಲ್‌ಇಡಿ ಉಲ್ಟಾ ಹಚ್ಚಿದೆ ಅಥವಾ ಸುಟ್ಟಿದೆ. ಎದುರಿನ ಮೇಲ್ಮೈಗೆ ಬಿಳಿ ಕಾಗದ ಅಂಟಿಸಿ. ಈ ಸೆನ್ಸರಿಗೆ ಎರಡೂವರೆ ಮಿ.ಮೀ. ದೂರದಲ್ಲಿ ಪ್ರತಿಫಲನ ಅತಿ ಜೋರು, ಅದಕ್ಕಿಂತ ಹತ್ತಿರ ಹೋದರೆ ಓದು ಹಿಮ್ಮೊಗವಾಗುತ್ತದೆ. ಪೂರ್ತಿ ತುಳಿದಾಗ ಹೈಹ್ಯಾಟ್ ಮತ್ತೆ ತೆರೆದಂತೆ ಕೇಳುವುದು ಇದೇ ಕಾರಣಕ್ಕೆ.

ಹಾಲ್ ಸೆನ್ಸರಿನಲ್ಲಿ ಎರಡು ಜಾತಿ. 3144 ಅಂಕಿಯದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಅನ್ನುವ ಸ್ವಿಚ್. ಅರ್ಧ ತೆರೆದ ಹೈಹ್ಯಾಟ್ ಅದರಲ್ಲಿ ಹುಟ್ಟುವುದಿಲ್ಲ. 49ಇ ಅಂತ ಬರೆದದ್ದು ಬೇಕು, ಆಯಸ್ಕಾಂತ ದೂರವಿದ್ದಾಗ ಅದು ಸುಮಾರು 2.5 ವೋಲ್ಟ್ ಕೊಡಬೇಕು. ತುಳಿದಾಗ ಓದು ಏರುವ ಬದಲು ಇಳಿದರೆ ಆಯಸ್ಕಾಂತವನ್ನು ಮಗುಚಿ ಹಾಕಿ.

## ಎಲ್ಲಿ ನಿಲ್ಲಿಸಬೇಕು

ಬೋರ್ಡಿನ ಚಿಪ್ ಬೆರಳು ಇಡಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಯುಎಸ್‌ಬಿ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಎಚ್ಚರಿಕೆ ಕೊಟ್ಟರೆ ತಕ್ಷಣ ಕೀಳಿ, ಮತ್ತೆ ಹಚ್ಚಿ ನೋಡುವ ಆಸೆ ಬೇಡ. ಪವರ್ ಬ್ಯಾಂಕ್ ಉಬ್ಬಿದ್ದರೆ ಅದನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಆಂಪ್ಲಿಫೈಯರ್ ಅಥವಾ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ಮೆಂದರೆ ಪ್ಯಾಡಿನ ಕೆಲಸ ಬಿಟ್ಟು ಎಲೆಕ್ಟ್ರಿಷಿಯನ್ ಕರೆದು ಮನೆಯ ಅರ್ತಿಂಗ್ ಪರೀಕ್ಷಿಸಿ.

ಕಂಪನಿಯ ಡ್ರಮ್ ಮಾಡ್ಯೂಲಿಗೆ ಮನೆಯ ಪ್ಯಾಡ್ ಹಚ್ಚುವವರು ಅದರ ಜಾಕಿನಲ್ಲಿ ಯಾವ ಪಟ್ಟಿಗೆ ಏನು ಅನ್ನುವುದನ್ನು ಆ ಮಾಡ್ಯೂಲಿನ ಕೈಪಿಡಿಯಲ್ಲೇ ನೋಡಿ. ಒಂದು ಕಂಪನಿಯದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ನಡುಭಾಗಕ್ಕೂ ಅಂಚಿಗೂ ಬೇರೆ ಸದ್ದು ಕೊಡುವ ಎರಡು ವಲಯದ ಜಾಕಿಗೆ ಮೋನೋ ಪ್ಲಗ್ ತುರುಕಿದರೆ ರಿಂಗ್, ಅಂದರೆ ಜಾಕಿನ ನಡುಪಟ್ಟಿ, ಗ್ರೌಂಡಿಗೆ ಸೇರಿ ರಿಮ್ (ಅಂಚಿನ) ಸದ್ದು ಸತ್ತುಹೋಗುತ್ತದೆ, ಇಲ್ಲವೇ ಅಂಟಿಕೊಳ್ಳುತ್ತದೆ. ಮಾಡ್ಯೂಲನ್ನೇ ಬಿಚ್ಚುವ ಹಂತ ಬಂದರೆ ರಿಪೇರಿಯವರಿಗೆ ಕೊಡಿ.

ಪೀಜೋ ಬದಲಿಸಿ, ಕೇಬಲ್ ಬದಲಿಸಿ, ಜೀನರ್ ಸರಿಯಿದ್ದೂ ಒಂದೇ ಪಿನ್ ಸದಾ 0 ಅಥವಾ ಸದಾ 1023 ತೋರಿಸಿದರೆ ಆ ಪಿನ್ ಹೋಗಿದೆ. ಬೇರೆ ಪಿನ್ನಿಗೆ ದಾಟಿಸಿ, ಕೋಡ್‌ನಲ್ಲಿ ಅಂಕಿ ಬದಲಿಸಿ. ಉಳಿದ ಐದರಲ್ಲಿ ಬೋರ್ಡು ಇನ್ನೂ ಬಹಳ ಕಾಲ ಬಾಳಬಹುದು. ತಿಳಿದವರ ಬಳಿ ಹೋಗುವುದಾದರೆ ಬೋರ್ಡ್ ಮಾತ್ರ ಒಯ್ಯಬೇಡಿ. ಕೆಟ್ಟ ಪ್ಯಾಡ್, ಅದರ ಕೇಬಲ್, ಒಂದು ಒಳ್ಳೆಯ ಪ್ಯಾಡ್, ಪ್ಲಾಟರ್ ಗೆರೆಯ ಫೋಟೋ ಇಷ್ಟನ್ನೂ ತೆಗೆದುಕೊಂಡು ಹೋಗಿ. ಯಾವುದನ್ನು ಯಾವುದರ ಜೊತೆ ಅದಲು ಬದಲು ಮಾಡಿದಿರಿ, ಆಗ ಏನಾಯಿತು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡಿರಿ. ಅವರು ಕೇಳುವ ಮೊದಲ ಪ್ರಶ್ನೆಯೇ ಅದು.